ಲಾವಂಚದ ನೀರು

ಜರಗನಹಳ್ಳಿ
೧೪ ಮಾರ್ಚ್ ೨೦೨೫

ಈ ಕಾಗದ ಓದುತ್ತಿರುವವರು ಯಾರೇ ಆಗಿರಲಿ, ಅಲ್ಲೇ ನಿಲ್ಲಿಸಿ. ಇದು ನನ್ನ ಮೊಮ್ಮಗಳಿಗೆ ಬರೆದದ್ದು. ಮಹಡಿ ಮನೆಯ ಬಾಡಿಗೆ ಹುಡುಗಿ ಅನ್ನಪೂರ್ಣ ಇದರ ಫೋಟೊ ತೆಗೆದು ಕಳಿಸುತ್ತಾಳೆ. ತೆಗೆಯುವುದಷ್ಟೇ ಅವಳ ಕೆಲಸ, ಓದುವುದಲ್ಲ. ಹಾಗೆಂದರೆ, "ನಾ ಯಾಕ ಓದ್ಲಿ ಅಜ್ಜಿ? ನಿಮ್ಮ ಅಕ್ಷರ ಇರಿವಿ ಹರದಾಡಿದಂಗ ಅದಾವು" ಎಂದು ಅವಳ ಬಿಜಾಪುರದ ಮಾತಿನಲ್ಲಿ ನನಗೇ ತಿರುಗಿಸುತ್ತಾಳೆ. ಅನ್ನಪೂರ್ಣ, ಈ ಸಾಲು ಓದಿ ನಗುತ್ತಿದ್ದೀಯಲ್ಲ, ಅದಕ್ಕೇ ಹೇಳಿದ್ದು.

ಚಿ. ಇಂದ್ರಾಣಿಗೆ ಅಜ್ಜಿಯ ಆಶೀರ್ವಾದ. ಈಗ ನಿನ್ನ ಸರದಿ. ಸಂಕ್ರಾಂತಿಗೆ ನಾನು ಬರೆದೆ. ಶಿವರಾತ್ರಿ ಕಳೆಯಿತು, ಇವತ್ತು ಕಾಮನ ಹುಣ್ಣಿಮೆ. ನಿನ್ನಿಂದ ಒಂದು ಸಾಲಿಲ್ಲ. ನಿಮ್ಮಪ್ಪನನ್ನು ಕೇಳಿದರೆ "ಆ ಚಾಡ್ ದೇಶದಲ್ಲಿ ನೆಟ್‌ವರ್ಕ್ ಸಿಗಲ್ಲಮ್ಮ" ಎನ್ನುತ್ತಾನೆ. ನೆಟ್‌ವರ್ಕ್ ಇಲ್ಲದಿದ್ದರೆ ಕೈಯೂ ಇಲ್ಲವೇ? ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಟ್ಟ ನಾನು ಬೆರಳು ಸೆಟೆದುಕೊಂಡರೂ ಪುಟ ತುಂಬಿಸುತ್ತೇನೆ. ಅಷ್ಟೆಲ್ಲ ಓದಿದ ನಿನಗೆ ಬರೆಯಲು ಸೋಮಾರಿತನ.

ಹೋದ ಭಾನುವಾರ ಇಲ್ಲೇ ಬನಶಂಕರಿ ಹತ್ತಿರದ ಶ್ರೀನಗರದಿಂದ ಒಂದು ಸಂಬಂಧದವರು ಬಂದಿದ್ದರು. ಹುಡುಗನ ಹೆಸರು ಪ್ರಸನ್ನ, ಬ್ಯಾಂಕಿನಲ್ಲಿ ಕೆಲಸ. ಅವನ ತಾಯಿ ಬಂದಿದ್ದರು. ನಿಮ್ಮಮ್ಮ ಕೇಸರಿಬಾತು ಮಾಡಿದ್ದಳು. ಆಯಮ್ಮ ಚಮಚ ಎತ್ತುತ್ತ, "ಹುಡುಗಿಗೆ ಫಾರಿನ್‌ನಲ್ಲಿ ಏನ್ ಕೆಲ್ಸ?" ಎಂದರು.

ನಿಮ್ಮಪ್ಪ ಗಂಟಲು ಸರಿಮಾಡಿಕೊಂಡು, "ಇಂಜಿನಿಯರು. ದೊಡ್ಡ ಸಂಸ್ಥೆ, ಇಂಟರ್‌ನ್ಯಾಶನಲ್" ಎಂದ.

"ಅಂದ್ರೆ ಏನ್ ಕಟ್ತಾರೆ?"

"ಕಕ್ಕಸು" ಎಂದೆ ನಾನು.

ಚಮಚ ಬಾಯಿಯ ಹತ್ತಿರ ನಿಂತುಬಿಟ್ಟಿತು. "ಏನಂದ್ರಿ?"

"ಕಕ್ಕಸು ಕಣಮ್ಮ. ಯಾಕೆ, ನಿಮ್ಮನೇಲಿ ಇಲ್ವಾ?"

ನಿಮ್ಮಪ್ಪ ನನ್ನನ್ನು ನುಂಗುವ ಹಾಗೆ ನೋಡಿದ. ನಾನು ಬಿಡಲಿಲ್ಲ. ಸುಡಾನಿನಲ್ಲಿ ಯುದ್ಧ ಹತ್ತಿ, ಉಟ್ಟ ಬಟ್ಟೆಯಲ್ಲೇ ಗಡಿ ದಾಟಿ ಬಂದ ಜನ ಮರಳಿನ ಮೇಲೆ ಗುಡಾರ ಹಾಕಿಕೊಂಡಿದ್ದಾರೆ, ಅವರಿಗೆ ಕುಡಿಯುವ ನೀರು, ಕಕ್ಕಸು, ಸೋಪು ಎಲ್ಲ ನನ್ನ ಮೊಮ್ಮಗಳ ಉಸ್ತುವಾರಿ ಎಂದು ಹೇಳಿದೆ. ಕಕ್ಕಸಿಗೆ ಒಳಗಿನಿಂದ ಚಿಲಕ ಹಾಕಿಸಿದ್ದಾಳೆ, ಮುಟ್ಟಿನ ಬಟ್ಟೆ ಒಗೆದು ಬಿಸಿಲಿಗೆ ಹರವಲು ಹೆಂಗಸರಿಗೆಂದೇ ಮರೆ ಕಟ್ಟಿಸಿದ್ದಾಳೆ ಎಂದೂ ಹೇಳಿದೆ. ಅಷ್ಟರಲ್ಲಿ ನಿಮ್ಮಪ್ಪ ಎದ್ದು ಒಳಗೆ ಹೋಗಿದ್ದ.

ಅವನಿಗೇನು ಗೊತ್ತು? ಈ ಜರಗನಹಳ್ಳಿ ಬರೀ ಹಳ್ಳಿಯಾಗಿದ್ದಾಗ ನಾವು ಹೆಂಗಸರು ಹೊತ್ತು ಮುಳುಗಲಿ ಎಂದು ಹೊಟ್ಟೆ ಹಿಡಿದುಕೊಂಡು ಕೂತಿರುತ್ತಿದ್ದೆವು. ಆ ಬಟ್ಟೆಗಳನ್ನು ಕೊಟ್ಟಿಗೆಯ ಮೂಲೆಯಲ್ಲಿ ಹಳೇ ಗೋಣಿಯ ಅಡಿಯಲ್ಲಿ ಒಣಗಿಸುತ್ತಿದ್ದೆವು. ಅವಕ್ಕೂ ಬಿಸಿಲು ಬೇಕು ಎಂದು ಯಾವ ದೊಡ್ಡ ಮನುಷ್ಯನಿಗೂ ಹೊಳೆದಿರಲಿಲ್ಲ. ನಿನಗೆ ಹೊಳೆಯಿತು. ನಿನ್ನ ಹಳೇ ಕಾಗದದಲ್ಲಿ ಅದನ್ನು ಓದಿದ ದಿನ ನಾನು ಆ ಕಾಗದ ಮಡಚಿ ದೇವರ ಮುಂದೆ ಇಟ್ಟೆ.

ಹಾಗೆಂದು ಉಬ್ಬಬೇಡ. ಆಗಸ್ಟಿಗೆ ನಿನ್ನ ಕರಾರು ಮುಗಿಯುತ್ತದಲ್ಲ, ಮತ್ತೆ ಸಹಿ ಹಾಕಬೇಡ. ಗೌರಿ ಹಬ್ಬಕ್ಕೆ ಬಂದುಬಿಡು. ಮಾಡಿದ್ದು ಸಾಕು. ನೀರು, ಕಕ್ಕಸು ಇಲ್ಲೂ ಬೇಕಾದಷ್ಟು ಕೆಟ್ಟಿವೆ, ಇಲ್ಲೇ ಕೂತು ರಿಪೇರಿ ಮಾಡು.

ಕಾದಿರುವ
ಅಜ್ಜಿ ಮಂಗಮ್ಮ


ಜರಗನಹಳ್ಳಿ
೧೦ ಏಪ್ರಿಲ್ ೨೦೨೫

ಚಿ. ಇಂದ್ರಾಣಿಗೆ,

ನಿನ್ನ ಕಾಗದ ಬಂತು. ಅನ್ನಪೂರ್ಣ ಆಫೀಸಿನಲ್ಲಿ ದಪ್ಪಕ್ಷರದಲ್ಲಿ ಪ್ರಿಂಟು ಹಾಕಿಸಿ ತಂದುಕೊಟ್ಟಳು. ಇಷ್ಟು ದಿನಕ್ಕೆ ಬರೆದವಳು ಅಜ್ಜಿಯ ಮೊಣಕಾಲು ಹೇಗಿದೆ ಎಂದು ಕೇಳಲಿಲ್ಲ. ಮೊದಲ ಸಾಲೇ "ಅರವಟ್ಟಿಗೆ ಶುರು ಮಾಡುವ ಮುಂಚೆ ಬೋರ್‌ವೆಲ್ ನೀರು ಪರೀಕ್ಷೆ ಮಾಡಿಸು."

ನಿಮ್ಮ ತಾತ ಹನುಮಯ್ಯನವರ ಹೆಸರಿನಲ್ಲಿ ಪ್ರತಿ ಬೇಸಿಗೆ ದಾರಿಹೋಕರಿಗೆ ನೀರು ಕೊಡುತ್ತ ಬಂದಿದ್ದೇನೆ. ರಾಮನವಮಿಯಿಂದ ಹಿಡಿದು ಮುಂಗಾರು ಬೀಳುವವರೆಗೆ, ಕನಕಪುರ ರಸ್ತೆಯ ಬಸ್ ಸ್ಟಾಪಿನಲ್ಲಿ, ಹೊಂಗೆ ಮರದ ಕೆಳಗೆ. ಇವತ್ತಿನವರೆಗೆ ಒಬ್ಬರೂ ಕೆಮ್ಮಿದವರಿಲ್ಲ. ನಮ್ಮ ಬೋರ್‌ವೆಲ್ ನೀರೆಂದರೆ ಎಳನೀರು ಎಂದು ಬೀದಿಯೆಲ್ಲ ಹೇಳುತ್ತದೆ. ನಿನಗೆ ಬುದ್ಧಿ ಕಲಿಸಬೇಕೆಂದೇ ಅನ್ನಪೂರ್ಣನ ಕೈಯಲ್ಲಿ ಬಾಟಲಿ ಕೊಟ್ಟು ಜಯನಗರದ ಲ್ಯಾಬಿಗೆ ಕಳಿಸಿದೆ.

ಅವಳು ಲ್ಯಾಬಿನ ಕಾಗದ ತಂದು ಮೇಜಿನ ಮೇಲಿಟ್ಟಳು.

"ಏನಂತೆ?"

"ಅಜ್ಜಿ, ಸಿಟ್ ಮಾಡಬ್ಯಾಡ್ರಿ. ಗಟಾರದ್ ನೀರು ಕೂಡೇತಿ ಅಂತ."

ಬೀದಿ ತುಂಬ ಮಹಡಿ ಮೇಲೆ ಮಹಡಿ ಎದ್ದವು. ನೆಲದೊಳಗಿನ ಚರಂಡಿ ಎಲ್ಲಿ ಒಡೆದಿದೆಯೋ, ಎಲ್ಲಿ ಸೇರುತ್ತಿದೆಯೋ. ರುಚಿಗೆ ತಿಳಿಯುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ. ನಾನು ವಾದಿಸಲಿಲ್ಲ. ನೀನು ಬರೆದ ಪ್ರಕಾರ ಮೆಡಿಕಲ್ ಸ್ಟೋರಿನಿಂದ ಕ್ಲೋರಿನ್ ಹನಿ ತರಿಸಿ, ನೀನು ಹೇಳಿದ ಅಳತೆಗೆ ಡ್ರಮ್ಮಿಗೆ ಹಾಕಿ, ನೀನು ಹೇಳಿದಷ್ಟು ಹೊತ್ತು ಮುಚ್ಚಿಟ್ಟು, ಆಮೇಲೇ ಲೋಟ ಇಟ್ಟೆ.

ಮೊದಲು ಬಂದವನು ರಿಟೈರ್ಡ್ ಕಂಡಕ್ಟರ್ ಮರುಳಸಿದ್ದಪ್ಪ. ಒಂದು ಗುಟುಕು ಬಾಯಿಗೆ ಹಾಕಿದ, ಪಕ್ಕದ ಚರಂಡಿಗೆ ಉಗಿದ.

"ಇದೇನ್ ಮಂಗಮ್ಮಕ್ಕ? ಸ್ವಿಮ್ಮಿಂಗ್ ಪೂಲ್ ನೀರಾ?"

"ಔಷಧ ಹಾಕಿದೀನಿ. ಸುಮ್ನೆ ಕುಡಿ."

"ಔಷಧ ಬೇಕಾದ್ರೆ ಡಾಕ್ಟ್ರ ಹತ್ರ ಹೋಗಲ್ವಾ ನಾನು?"

ಅವನು ಅಂದದ್ದೇ ತಡ, ಹಿಂದಿದ್ದ ಆಟೊದವರೂ ಹಿಂದೆ ಸರಿದರು. ಸಂಜೆ ಡ್ರಮ್ಮು ತುಂಬಿದ್ದ ಹಾಗೇ ತುಂಬಿತ್ತು. ಅದನ್ನು ಗಿಡಗಳಿಗೆ ಸುರಿದೆ. ಹನುಮಯ್ಯನವರ ಅರವಟ್ಟಿಗೆಯಲ್ಲಿ ನೀರು ಮಿಗುವುದೆಂದರೆ ಏನು!

ನಿನ್ನ ಎರಡನೇ ಪುಟ ಓದಿದ ಮೇಲೆ ಸ್ವಲ್ಪ ಸಮಾಧಾನವಾಯಿತು. ಅಲ್ಲಿನವರೂ ನಿನ್ನ ನೀರಿಗೆ ಮೂಗು ಮುಚ್ಚುತ್ತಾರಂತೆ. ಔಷಧ ಕುಡಿದರೆ ಬಸಿರು ನಿಲ್ಲುವುದಿಲ್ಲ ಎಂದು ಯಾರೋ ಹಬ್ಬಿಸಿದ್ದಾರಂತೆ, ಒಣಗಿದ ಹಳ್ಳದಲ್ಲಿ ಗುಂಡಿ ತೋಡಿ ಕೆಸರು ನೀರು ತುಂಬಿಕೊಂಡು ಹೋಗುತ್ತಾರಂತೆ. ನೀರಿಗೆ ಔಷಧ ಹಾಕಿ ನಲ್ಲಿ ನೋಡಿಕೊಳ್ಳುವ ಹೆಂಗಸು ಹಲೀಮಾ ಒಬ್ಬಳೇ ಅವರೆದುರಿಗೆ ಲೋಟಗಟ್ಟಲೆ ಕುಡಿದು, "ನೋಡಿ, ನನಗೆ ಇದನ್ನು ಕುಡಿಯುತ್ತಲೇ ಗಂಡು ಮಗು ಹುಟ್ಟಿದೆ" ಎಂದು ತೊಡೆಯ ಮೇಲಿನ ಕೂಸನ್ನು ಎತ್ತಿ ತೋರಿಸುತ್ತಾಳಂತೆ. ಅವಳನ್ನು ನನಗೆ ಕಳಿಸು. ಮರುಳಸಿದ್ದಪ್ಪನ ಎದುರು ನಿಲ್ಲಿಸುತ್ತೇನೆ.

ನೀರು ಮಿಕ್ಕ ಹೊಟ್ಟೆಯುರಿಯಲ್ಲಿರುವ
ನಿನ್ನ ಅಜ್ಜಿ


ಜರಗನಹಳ್ಳಿ
೬ ಮೇ ೨೦೨೫

ಚಿ. ಇಂದ್ರಾಣಿಗೆ,

ಗೆದ್ದೆ! ಈ ಕಾಗದವನ್ನು ನಿನ್ನ ಆಫೀಸಿನ ಗೋಡೆಗೆ ಅಂಟಿಸು.

ಡ್ರಮ್ಮನ್ನು ಮೂಲೆಗೆ ತಳ್ಳಿದೆ. ಅಟ್ಟದಿಂದ ನಮ್ಮ ಹಳೇ ಗುಡಾಣ ಇಳಿಸಿದೆ, ಅದೇ ಮೊದಲು ರಾಗಿ ತುಂಬುತ್ತಿದ್ದೆವಲ್ಲ, ಆ ಮಣ್ಣಿನ ದೊಡ್ಡ ಪಾತ್ರೆ. ತೊಳೆದು, ಮರಳು ಹಾಸಿ ಕೂರಿಸಿದೆ. ಡ್ರಮ್ಮಿನಲ್ಲಿ ನಿನ್ನ ಹನಿ ಹಾಕಿದ ನೀರನ್ನು ಅದಕ್ಕೆ ತುಂಬಿ, ಲಾವಂಚದ ಬೇರಿನ ಕಟ್ಟು ಇಳಿಬಿಟ್ಟೆ. ನಮ್ಮಜ್ಜಿ ಮಾಡುತ್ತಿದ್ದದ್ದು ಹಾಗೆಯೇ. ಮಾರನೆಯ ದಿನಕ್ಕೆ ಔಷಧದ ವಾಸನೆ ಇದ್ದದ್ದೇ ಸುಳ್ಳು! ತಣ್ಣಗೆ, ಘಮಘಮ ಎನ್ನುವ ನೀರು.

ಮರುಳಸಿದ್ದಪ್ಪ ಕುಡಿದು ಕಣ್ಣು ಮುಚ್ಚಿದ. "ಮಂಗಮ್ಮಕ್ಕ, ಇದು ನೀರು! ಹನುಮಯ್ಯಣ್ಣ ಇದ್ದಿದ್ರೆ ನಿಮ್ಗೆ ಒಂದು ಮೈಸೂರು ರೇಷ್ಮೆ ಕೊಡಿಸ್ತಿದ್ರು."

"ಇದ್ದಾಗ್ಲೇ ಕೊಡಿಸ್ಲಿಲ್ಲ, ಬಿಡಪ್ಪ."

ಈಗ ಮೆಟ್ರೊ ಇಳಿದವರು ಕೂಡ ರಸ್ತೆ ದಾಟಿ ಬರುತ್ತಾರೆ. ಮಧ್ಯಾಹ್ನಕ್ಕೆ ಗುಡಾಣ ಬರಿದು. ನೀನು ಔಷಧ ಕೊಟ್ಟೆ, ನಾನು ಅದನ್ನು ಜನರ ಬಾಯಿಗೆ ಸೇರುವ ಹಾಗೆ ಮಾಡಿದೆ. ನಿನ್ನ ಗುಡಾರದ ಜನಕ್ಕೂ ಹೀಗೇ ಏನಾದರೂ ಮಾಡು. ಅಲ್ಲಿ ಲಾವಂಚ ಸಿಗುತ್ತದೆಯೇ? ಬೇಕಾದರೆ ಗಾಂಧಿಬಜಾರಿನಿಂದ ತರಿಸಿ ಕಳಿಸುತ್ತೇನೆ.

ಇಷ್ಟು ಬರೆದು ಚಹಾ ಕುಡಿಯಲು ಎದ್ದಿದ್ದೆ. ಅಷ್ಟರಲ್ಲಿ ನಿನ್ನ ಕಾಗದ ಬಂತು. ಅಲ್ಲಿ ವಾಂತಿಭೇದಿ ಶುರುವಾಗಿದೆಯಂತೆ. ಹಾಸಿಗೆಗಳಿಗೆ ತೂತು ಮಾಡಿ, ಕೆಳಗೆ ಬಕೆಟ್ ಇಟ್ಟು, ಜನರನ್ನು ಸಾಲಾಗಿ ಮಲಗಿಸಿದ್ದಾರೆ ಎಂದು ಬರೆದಿದ್ದೀಯ. ಡಾಕ್ಟರುಗಳು ಗ್ಲೂಕೋಸು ಏರಿಸುತ್ತಾರೆ, ನೀನು ಆ ಬಕೆಟ್ಟುಗಳು ಎಲ್ಲಿಗೆ ಹೋಗಬೇಕು, ಎಲ್ಲಿಗೆ ಹೋಗಕೂಡದು ಎಂದು ನೋಡುತ್ತೀಯ. ಡಾಕ್ಟರಿಗೆ ಕೈಮುಗಿಯುವವರು ನಿನಗೆ ಮುಗಿಯುವುದಿಲ್ಲ, ಗೊತ್ತು. ಬಕೆಟ್ಟು ಹೊತ್ತವರ ಕಡೆಗೆ ಯಾರು ನೋಡುತ್ತಾರೆ? ನಾನು ನೋಡುತ್ತೇನೆ. ಇಲ್ಲಿ ಕೂತೇ ನೋಡುತ್ತೇನೆ.

ನೀನು ಕೈ ತೊಳೆದುಕೋ. ಕುದಿಸಿದ್ದನ್ನು ಕುಡಿ. ನನಗೆ ಭಯವಾಗುತ್ತದೆ ಎಂದು ನಿಮ್ಮಪ್ಪನ ಹತ್ತಿರ ಹೇಳಬೇಡ. ಆಗಸ್ಟಿಗೆ ಬಂದುಬಿಡು.

ಅಜ್ಜಿ


ಜರಗನಹಳ್ಳಿ
೨೩ ಮೇ ೨೦೨೫

ಇಂದ್ರಾಣಿಗೆ,

ಅಜ್ಜಿಗೆ ಹೀಗಾ ಬರೆಯುವುದು? "ಲಾವಂಚ ತೆಗೆ. ಈಗಲೇ. ಗುಡಾಣದ ನೀರು ಯಾರಿಗೂ ಕೊಡಬೇಡ." ನಮಸ್ಕಾರವಿಲ್ಲ, ಕ್ಷೇಮವಿಲ್ಲ! ಅನ್ನಪೂರ್ಣ ಪ್ರಿಂಟಿಗೂ ಕಾಯದೆ ಮೊಬೈಲು ಹಿಡಿದುಕೊಂಡು ಬಸ್ ಸ್ಟಾಪಿಗೇ ಓಡಿಬಂದಳು. ಆಗ ನನ್ನೆದುರಿಗೆ ಒಬ್ಬಳು ಬಾಣಂತಿ ಲೋಟ ಹಿಡಿದು ನಿಂತಿದ್ದಳು. ನಾನು ಅವಳ ಕೈಯಿಂದ ಲೋಟ ಕಿತ್ತುಕೊಂಡೆ. ಇಷ್ಟು ವರ್ಷಕ್ಕೆ ಮೊದಲ ಸಲ ಕೊಟ್ಟ ನೀರನ್ನು ಕಿತ್ತುಕೊಂಡೆ.

ನೀನು ಹೇಳಿದ ಪರೀಕ್ಷೆಯ ಪೆಟ್ಟಿಗೆಯನ್ನು ಅನ್ನಪೂರ್ಣ ಅವತ್ತೇ ತಂದಳು. ಡ್ರಮ್ಮಿನ ನೀರಿಗೆ ಆ ಪೆಟ್ಟಿಗೆಯ ಹನಿ ಬಿಟ್ಟಳು, ಅರಿಸಿನದ ಹಾಗೆ ಹಳದಿಯಾಯಿತು. ಅಂದರೆ ಔಷಧ ಇದೆ. ಗುಡಾಣದ ನೀರಿಗೆ ಬಿಟ್ಟಳು. ಬಣ್ಣವೇ ಇಲ್ಲ. ಮತ್ತೆ ಬಿಡು ಎಂದೆ. ಬಿಟ್ಟಳು. ಇಲ್ಲ.

ಆಮೇಲೆ ನೀನು ನಿಧಾನವಾಗಿ ಬರೆದದ್ದನ್ನು ಓದಿಸಿಕೊಂಡೆ. ಔಷಧ ಬೇರಿನ ಜೊತೆ, ಹಳೇ ಮಣ್ಣಿನ ಜೊತೆ ಗುದ್ದಾಡಿ ತನ್ನ ಶಕ್ತಿಯನ್ನೆಲ್ಲ ಅಲ್ಲೇ ಕಳೆದುಕೊಳ್ಳುತ್ತದೆ, ಹೊಸ ಕೊಳೆ ಬಿದ್ದರೆ ಕೊಲ್ಲಲು ಏನೂ ಉಳಿದಿರುವುದಿಲ್ಲ ಎಂದು. "ವಾಸನೆ ಹೋಯಿತು ಎಂದರೆ ಔಷಧ ಹೋಯಿತು ಅಜ್ಜಿ." ಎಷ್ಟು ಸಣ್ಣ ಮಾತು. ನಾನು ವಾಸನೆ ಓಡಿಸಿದೆನೆಂದು ಕುಣಿಯುತ್ತಿದ್ದೆ. ಎಲ್ಲರೂ ಲೋಟ ಅದ್ದುವ ಗುಡಾಣ ಅದು, ಎಷ್ಟು ಕೈ ಬಿದ್ದಿತ್ತೋ.

ಅರವಟ್ಟಿಗೆ ಮುಚ್ಚಿಬಿಡೋಣ ಅನ್ನಿಸಿತು. ನಿಮ್ಮಪ್ಪನೂ ಹಾಗೇ ಅಂದ, "ಯಾರಿಗೂ ಗೊತ್ತಿಲ್ಲ, ಸುಮ್ನೆ ನಿಲ್ಸಮ್ಮ." ಯಾರಿಗೂ ಗೊತ್ತಿಲ್ಲ ಎಂಬ ಮಾತು ನನಗೆ ಹಿಡಿಸಲಿಲ್ಲ. ಮರುದಿನ ಡ್ರಮ್ಮು ಮುಂದಕ್ಕೆಳೆದು, ನಲ್ಲಿ ಹಾಕಿಸಿ, ಬಂದವರಿಗೆಲ್ಲ ಹೇಳಿದೆ. ಬೇರು ಹಾಕಿದ್ದು ತಪ್ಪಾಯಿತು, ಹೊಟ್ಟೆ ಕೆಟ್ಟಿದ್ದರೆ ಅದು ನನ್ನಿಂದ ಎಂದು. ಮರುಳಸಿದ್ದಪ್ಪ ಹಣೆ ಹಣೆ ಚಚ್ಚಿಕೊಂಡ.

"ಅಯ್ಯೋ! ವಾರದಿಂದ ಹೊಟ್ಟೆ ಸರಿಯಿಲ್ಲ ಅಂತ ಆ ಬೋಂಡದ ಅಂಗಡಿಯೋನ್ ಜೊತೆ ಜಗಳ ಆಡಿ ಮಾತು ಬಿಟ್ಟಿದೀನಲ್ಲಕ್ಕ!"

"ಹೋಗಿ ಬೋಂಡ ತಿಂದು ರಾಜಿಯಾಗು."

ಬೈದವರೂ ಇದ್ದರು. ಒಬ್ಬ ಹೆಂಗಸು ಮಗನನ್ನು ಎಳೆದುಕೊಂಡು ಹೋದಳು, ತಿರುಗಿ ನೋಡಲಿಲ್ಲ. ಆದರೆ ಮರುಳಸಿದ್ದಪ್ಪ ಹೋಗುವ ಮುಂಚೆ ಲೋಟ ಚಾಚಿದ. ಮುಖ ಕಿವುಚಿಕೊಂಡೇ ಕುಡಿದ. ಆಟೊದವರು ಅವನ ಮುಖ ನೋಡಿ ನಕ್ಕರು, ತಾವೂ ಕುಡಿದರು.

ನಿನ್ನ ಕಾಗದದ ಕೊನೆಯಲ್ಲಿ ಹಲೀಮಾಳನ್ನು ನಲ್ಲಿಯಿಂದ ತೆಗೆದರು ಎಂಬ ಒಂದು ಸಾಲಿದೆ. ಗುಡಾರಗಳ ಮಡಕೆಯಲ್ಲಿ ಔಷಧ ಸಿಗುತ್ತಿಲ್ಲ, ಅವಳು ಹಾಕದೆ ಕಳ್ಳಾಟ ಮಾಡುತ್ತಿದ್ದಾಳೆ ಎಂದು ವರದಿ ಹೋಯಿತಂತೆ. ಅವಳ ಪಕ್ಕದ ಗುಡಾರದ ಮಗು ಉಳಿಯಲಿಲ್ಲವಂತೆ. ವರದಿ ಬರೆದವರು ಯಾರೆಂದು ನೀನು ಬರೆದಿಲ್ಲ. ತೊಡೆಯ ಮೇಲೆ ಕೂಸು ಇಟ್ಟುಕೊಂಡು ಆ ನೀರನ್ನೇ ಕುಡಿಯುತ್ತಿದ್ದವಳು ಹಾಗೆ ಮಾಡುತ್ತಾಳೆಯೇ? ಸರಿಯಾಗಿ ನೋಡಿದಿರಾ?

ಅಜ್ಜಿ ಮಂಗಮ್ಮ


ಜರಗನಹಳ್ಳಿ
೨೫ ಜೂನ್ ೨೦೨೫

ಚಿ. ಇಂದ್ರಾಣಿಗೆ,

ನಿನ್ನ ಕಾಗದ ಇಟ್ಟುಕೊಂಡು ಕೂತಿದ್ದೇನೆ. ನಿಮ್ಮಮ್ಮ ಎರಡು ಸಲ ಊಟಕ್ಕೆ ಕರೆದಳು.

ಗುಡಾಣದಲ್ಲಿ ಔಷಧವೇ ಉಳಿದಿರಲಿಲ್ಲ ಎಂದು ನಾನು ಬರೆದದ್ದನ್ನು ಓದಿ ನೀನು ಅವತ್ತೇ ಎದ್ದು ಗುಡಾರ ಗುಡಾರಕ್ಕೆ ಹೋದೆಯಂತೆ. ಈ ಸಲ ನೀರನ್ನಲ್ಲ, ಮಡಕೆಗಳನ್ನು ಮೂಸಿದೆಯಂತೆ. ಗುಡಾರದೊಳಗೆ ತಲೆ ಬಗ್ಗಿಸಿ, ಕಂಡವರ ಮಡಕೆಯೊಳಗೆ ಮೂಗಿಟ್ಟು! ಹೆಂಗಸರು ನಕ್ಕರಂತೆ. ಎಲ್ಲ ಮಡಕೆಯಲ್ಲೂ ಧೂಪದ ವಾಸನೆ. ಕೆಂಡದ ಮೇಲೆ ಮರದ ಗೋಂದು ಸುಟ್ಟು, ಆ ಹೊಗೆಯ ಮೇಲೆ ಮಡಕೆ ಬೋರಲು ಹಾಕಿ, ಆಮೇಲೆ ನೀರು ತುಂಬುವುದು ಅವರ ಸಂಪ್ರದಾಯ. ಬಂದವರಿಗೆ ಪರಿಮಳದ ನೀರು ಕೊಡದಿದ್ದರೆ ಮರ್ಯಾದೆಯಲ್ಲ. ಊರು ಸುಟ್ಟುಹೋಯಿತು, ಮನೆ ಹೋಯಿತು, ಆದರೂ ಆ ಗೋಂದಿನ ಗಂಟನ್ನು ಸೊಂಟಕ್ಕೆ ಕಟ್ಟಿಕೊಂಡು ಬಂದಿದ್ದಾರೆ. ಔಷಧದ ವಾಸನೆ ಹೆಚ್ಚಾದಷ್ಟೂ ಹೊಗೆ ಹೆಚ್ಚು ಹಾಕಿದ್ದಾರೆ. ಆ ಹೊಗೆಯ ಮಸಿ ಔಷಧವನ್ನೆಲ್ಲ ತಿಂದುಹಾಕಿದೆ, ನನ್ನ ಬೇರು ತಿಂದ ಹಾಗೆ.

ಅವರಿಗೆ ನೀನು ಬೈಯಲಿಲ್ಲ ಎಂಬುದು ನನಗೆ ಬಹಳ ಹಿಡಿಸಿತು. ಹೊಗೆ ಬಿಡಿ ಎನ್ನಲಿಲ್ಲ. ಕುಡಿಯುವ ನೀರಿಗೆ ಮುಚ್ಚಳದ ಹಳದಿ ಕ್ಯಾನು, ಬಂದವರಿಗೆ ಕೊಡುವ ಲೋಟಕ್ಕೆ ಮಾತ್ರ ಧೂಪ, ಅದೂ ಕೊಡುವ ಹೊತ್ತಿಗೆ ಎಂದೆಯಂತೆ. ನೀರೂ ಉಳಿಯಿತು, ಮರ್ಯಾದೆಯೂ ಉಳಿಯಿತು. ಹಾಸಿಗೆಗಳು ಖಾಲಿಯಾಗುತ್ತ ಬಂದಿವೆ ಎಂದು ಬರೆದಿದ್ದೀಯ. ಅದನ್ನು ಓದಿ ನಾನು ಯಾರಿಗೂ ಹೇಳದೆ ಬನಶಂಕರಿ ಗುಡಿಗೆ ಹೋಗಿ ನಿಂಬೆಹಣ್ಣಿನ ದೀಪ ಹಚ್ಚಿ ಬಂದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವಳಿಗೆ ನಿನ್ನ ವಿಷಯ ಹೇಳಿದೆ. ಅವಳು ನನ್ನ ಮಾತು ಕೇಳುತ್ತ ತನ್ನ ಸ್ಟಾಪಿನಲ್ಲಿ ಇಳಿಯುವುದನ್ನೇ ಮರೆತಳು.

ಹಾಗಾದರೆ ಹಲೀಮಾ ದಿನವೂ ಸರಿಯಾಗಿಯೇ ಔಷಧ ಹಾಕುತ್ತಿದ್ದಳು. ಅವಳದೇನೂ ತಪ್ಪಿಲ್ಲ. ನೀನು ಈಗ ಬರೆದಿದ್ದೀಯ, ಆ ವರದಿ ಬರೆದದ್ದು ನಾನೇ ಅಜ್ಜಿ, ಕೆಳಗೆ ಸಹಿ ನನ್ನದೇ ಎಂದು. ಮೇಲಿನವರಿಗೆ ಹೊಸ ವರದಿ ಕಳಿಸಿದ್ದೇನೆ ಎಂದೂ ಬರೆದಿದ್ದೀಯ.

ಒಳ್ಳೆಯದು. ಅವಳಿಗೆ ಹೇಳಿದೆಯಾ?

ಅಜ್ಜಿ


ಜರಗನಹಳ್ಳಿ
೨೦ ಜುಲೈ ೨೦೨೫

ಇಂದ್ರಾಣಿಗೆ,

ಈ ಮನೆಯಲ್ಲಿ ಈಗ ಹಬ್ಬ. ಕರಾರು ಮುಂದುವರಿಸುವುದಿಲ್ಲ ಎಂದು ಪತ್ರ ಬರೆದಿಟ್ಟಿದ್ದೇನೆ, ತಿಂಗಳ ಕೊನೆಗೆ ಕೊಡುತ್ತೇನೆ, ಗೌರಿ ಹಬ್ಬಕ್ಕೆ ಬರುತ್ತೇನೆ ಎಂದು ನೀನು ಬರೆದ ಕೂಡಲೇ ನಿಮ್ಮಮ್ಮ ನಿನ್ನ ಕೋಣೆಯ ಪರದೆ ಒಗೆಯಲು ಹಾಕಿದಳು. ಶ್ರೀನಗರದವರಿಗೆ ಫೋನು ಹೋಯಿತು. ಆಯಮ್ಮನಿಗೆ ಈಗ ನಿನ್ನ ಕೆಲಸದ ಮೇಲೆ ಬೇಜಾರಿಲ್ಲವಂತೆ, ಹೇಗೂ ಬಿಡುತ್ತಿದ್ದಾಳಲ್ಲ ಎಂದರಂತೆ. ನಿಮ್ಮಪ್ಪ ಜಿಲೇಬಿ ತಂದು ಮೊದಲ ತುಂಡು ನನ್ನ ಬಾಯಿಗಿಟ್ಟ.

"ಅಮ್ಮಾ, ನೀನೇ ಗೆದ್ದೆ. ಬಾ ಬಾ ಅಂತ ಬರ್ದು ಬರ್ದು ಕರೆಸ್ಕೊಂಡೆ ನೋಡು."

ಎರಡನೇ ತುಂಡು ಬೇಡವೆಂದೆ. ನಾನು ಕಾಗದ ತೆಗೆದುಕೊಂಡು ವರಾಂಡಕ್ಕೆ ಬಂದು ಮತ್ತೆ ಓದಿದೆ. "ನನಗೆ ಈ ಕೆಲಸ ಬರುವುದಿಲ್ಲ ಅಜ್ಜಿ. ಬರುವವರು ಯಾರಾದರೂ ಮಾಡಲಿ." ಅಷ್ಟೇ. ಅವಳಿಗೆ ಹೇಳಿದೆಯಾ ಎಂದು ನಾನು ಕೇಳಿದ್ದಕ್ಕೆ ಉತ್ತರ ಎಲ್ಲೂ ಇಲ್ಲ. ಹಿಂದುಮುಂದು ಮಾಡಿ ನೋಡಿದೆ. ಹಲೀಮಾಳ ಹೆಸರೇ ಇಲ್ಲ.

ಅನ್ನಪೂರ್ಣ ಕೆಲಸದಿಂದ ಬಂದವಳು ಮೆಟ್ಟಿಲ ಮೇಲೆ ಕೂತಳು.

"ಅಜ್ಜಿ, ಅಕ್ಕಾರು ಖುಷಿಲೆ ಬರಾಕತ್ತಿಲ್ರಿ."

"ನೀನು ಓದಿದ್ಯಾ?"

"ಪ್ರಿಂಟ್ ಹಾಕೂಮುಂದ ಕಣ್ಣಿಗೆ ಬೀಳ್ತಾವಲ್ರಿ. ಕಣ್ಣ ಎಲ್ಲಿ ಇಡ್ಲಿ?"

ಬೈಯಬೇಕು ಅಂದುಕೊಂಡೆ, ಬೈಯಲಿಲ್ಲ. ಅವಳು ಹೇಳಿದ್ದು ನಿಜ. ನಾನು ಬಾ ಎಂದಿದ್ದೆ. ತಪ್ಪಿಸಿಕೊಂಡು ಬಾ ಎಂದಿರಲಿಲ್ಲ.

ಕೇಳು. ನಿನಗೆ ಕೆಲಸ ಬರುವುದಿಲ್ಲವೇ? ಮರಳುಗಾಡಿನಲ್ಲಿ ಬಾವಿ ಕೊರೆಸಿ, ಕಕ್ಕಸಿನ ಗುಂಡಿ ಬಾವಿಯಿಂದ ಎಷ್ಟು ದೂರ, ಇಳಿಜಾರಿನ ಯಾವ ಕಡೆ ಎಂದು ಅಳೆದು ಕೂರಿಸಿದವಳು ಯಾರು? ನಮ್ಮ ಬೀದಿಯಲ್ಲಿ ಅಷ್ಟು ಅಳೆಯುವವರು ಒಬ್ಬರಿದ್ದಿದ್ದರೆ ನನ್ನ ಬೋರ್‌ವೆಲ್ ಕೆಡುತ್ತಿತ್ತೇ? ಸತ್ತ ಮಗುವಿನ ತಾಯಿಯ ಮಡಕೆಗೆ ಮೂಗಿಟ್ಟು ಕಾರಣ ಹುಡುಕಿದವಳು ಯಾರು? ಕಾರಣ ಸಿಕ್ಕಿದಾಗ ತನ್ನ ಸಹಿಯ ವಿರುದ್ಧ ತಾನೇ ಬರೆದುಕೊಟ್ಟವಳು ಯಾರು? ಈ ಬೆಂಗಳೂರಿನಲ್ಲಿ ರಸ್ತೆ ಅಗೆದು ಹಾಗೇ ಬಿಟ್ಟುಹೋದವರು ಒಬ್ಬರಾದರೂ ಹಾಗೆ ಬರೆದುಕೊಟ್ಟಿದ್ದಾರೆಯೇ? ನಿನ್ನಂಥವಳು ನನ್ನ ಮಗನ ಹೊಟ್ಟೆಯಲ್ಲಿ ಹುಟ್ಟಿದ್ದು ಹೇಗೆ ಎಂದು ನನಗೇ ಆಶ್ಚರ್ಯವಾಗುತ್ತದೆ. ನಿನ್ನೆದುರಿಗೆ ಎಂದೂ ಹೇಳಿರಲಿಲ್ಲ, ಈಗ ಬರೆದೆ. ಇನ್ನೊಮ್ಮೆ ಕೇಳಬೇಡ.

ಆದರೆ ಮೇಲಿನವರಿಗೆ ಕಳಿಸಿದ ವರದಿ ಹಲೀಮಾಳ ಗುಡಾರದವರೆಗೆ ನಡೆದುಕೊಂಡು ಹೋಗುವುದಿಲ್ಲ. ಅವಳ ನೆರೆಯವರು ಇವತ್ತಿಗೂ ಅವಳ ಮುಖ ನೋಡಿದರೆ ಆ ಮಗುವನ್ನು ನೆನೆಯುತ್ತಾರೆ. ನೀನು ವಿಮಾನ ಹತ್ತಿದರೆ ಆ ಕಳಂಕ ಅವಳ ತಲೆಯ ಮೇಲೆ ಹಾಗೇ ಉಳಿಯುತ್ತದೆ. ಅವಳ ಕೂಸು ದೊಡ್ಡದಾಗಿ ಕೇಳಿದರೆ ಅವಳು ಏನು ಹೇಳಬೇಕು? ನಲ್ಲಿಯ ಹತ್ತಿರ ಮತ್ತೆ ನಿಲ್ಲುತ್ತೇನೆ ಎಂದು ಅವಳೇ ಬಂದು ಕೇಳಲಿ ಎಂದು ಕಾಯುತ್ತಿದ್ದೀಯಾ? ಬರುವುದಿಲ್ಲ. ಕಳ್ಳಿ ಎನ್ನಿಸಿಕೊಂಡವಳು ಎದ್ದು ಬಂದು ಬಾಗಿಲು ತಟ್ಟುವುದಿಲ್ಲ. ತಟ್ಟಬೇಕಾದವಳು ನೀನು.

ನಿನಗೆ ಹೆದರಿಕೆ ಎಂದು ಗೊತ್ತು. ಬಕೆಟ್ಟು ಹೊರುವಾಗ ಹೆದರದವಳಿಗೆ ಒಬ್ಬ ಹೆಂಗಸಿನ ಮುಖ ನೋಡಲು ಹೆದರಿಕೆ. ಆಗುತ್ತದೆ. ಆದರೂ ಹೋಗು. ಒಬ್ಬಳೇ ಇರುವಾಗ ಕಿವಿಯಲ್ಲಿ ಹೇಳಿ ಬರಬೇಡ. ನೀರಿಗೆ ಸಾಲು ನಿಂತಿರುವ ಹೊತ್ತಿಗೆ, ಎಲ್ಲ ಹೆಂಗಸರ ಎದುರಿಗೆ, ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳು. ಹಲೀಮಾ ಒಂದು ದಿನವೂ ತಪ್ಪಿಸಲಿಲ್ಲ, ತಪ್ಪು ಬರೆದವಳು ನಾನು ಎಂದು ಹೇಳು. ಬೈದರೆ ಬೈಸಿಕೋ. ಉಗಿದರೆ ಒರೆಸಿಕೋ. ಬಾಯಿ ತೆರೆಯದೆ ಬೆನ್ನು ತಿರುಗಿಸಿದರೆ ಅಲ್ಲೇ ನಿಂತಿರು. ಧೂಪದ ಲೋಟದಲ್ಲಿ ನೀರು ಕೊಟ್ಟರೆ ಕೂತು ಪೂರ್ತಿ ಕುಡಿ.

ಅದಾದ ಮೇಲೂ ನಿನಗೆ ಬರಬೇಕು ಅನ್ನಿಸಿದರೆ ಬಾ. ಏರ್‌ಪೋರ್ಟಿಗೆ ನಾನೇ ಬರುತ್ತೇನೆ, ನಿಮ್ಮಪ್ಪ ಬೇಡವೆಂದರೂ. ಉಳಿಯಬೇಕು ಅನ್ನಿಸಿದರೆ ಆ ಪತ್ರವನ್ನು ಒಲೆಗೆ ಹಾಕಿ ಮತ್ತೆ ಸಹಿ ಮಾಡು. ಪರದೆ ಒಗೆದದ್ದು ಒಗೆದದ್ದೇ, ಇನ್ನೊಂದು ವರ್ಷ ಶುಭ್ರವಾಗಿರುತ್ತದೆ. ಶ್ರೀನಗರದವರಿಗೆ ಏನು ಹೇಳಬೇಕೋ ನಾನು ಹೇಳಿಕೊಳ್ಳುತ್ತೇನೆ. ನನಗೆ ನೀನು ಬೇಕು, ಬೇಡವೆಂದು ಸುಳ್ಳು ಹೇಳುವುದಿಲ್ಲ. ದಿನಾ ಸಂಜೆ ಗೇಟಿನ ಸದ್ದಾದರೆ ತಲೆ ಎತ್ತುತ್ತೇನೆ. ಆದರೆ ಒಬ್ಬಳ ಮೇಲೆ ಸುಳ್ಳು ಹೊರಿಸಿ ಬಂದ ಮೊಮ್ಮಗಳ ತಲೆಗೆ ಎಣ್ಣೆ ಒತ್ತಲು ನನ್ನ ಕೈ ಏಳುವುದಿಲ್ಲ.

ಹಲೀಮಾ ಏನಂದಳು ಎಂದು ಒಂದು ಮಾತೂ ಬಿಡದೆ ಬರೆ. ಅವಳು ಏನೂ ಅನ್ನದೆ ಇದ್ದರೆ, ಅದನ್ನೂ ಬರೆ. ನೆಟ್‌ವರ್ಕ್ ಇರಲಿಲ್ಲ ಎಂಬ ಕಥೆ ನನ್ನ ಹತ್ತಿರ ನಡೆಯುವುದಿಲ್ಲ. ಆಗಸ್ಟ್ ಹುಟ್ಟುವುದರೊಳಗೆ ನಿನ್ನ ಉತ್ತರ ನನ್ನ ಕೈಯಲ್ಲಿರಬೇಕು.

ನಿನ್ನ ಅಜ್ಜಿ
ಮಂಗಮ್ಮ